ತಾಯಪ್ಪ ಕಟ್ಟಿದ ಗಂಟಲಪ್ಪ

ದೇವದುರ್ಗದ ತಾಯಪ್ಪ ಬಸ್ಸು ಹತ್ತಿದರೆ ಜನ ಅವನ ಮುಖ ಗುರುತಿಸಿ ಮೊಣಕೈಯಿಂದ ಒಬ್ಬರನ್ನೊಬ್ಬರು ತಿವಿಯುತ್ತಾರೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ. 'ಗಂಟಲಪ್ಪ, ಗಂಟಲಪ್ಪ' ಎಂದು ಪಿಸುಗುಟ್ಟಿ ನಗುತ್ತಾರೆ. ಅದು ಅವನು ನಾಟಕದಲ್ಲಿ ಮಾಡುವ ಪಾತ್ರದ ಹೆಸರು. ರಾಯಚೂರು ಜಿಲ್ಲೆಯ ಅರ್ಧ ಜನ ಆ ಪಾತ್ರ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ಒಬ್ಬ ಮನುಷ್ಯನನ್ನು ಮುಗಿಸಬೇಕೆಂದೇ ತಾಯಪ್ಪ ಆ ನಗುವನ್ನು ಹುಟ್ಟಿಸಿದ ಎನ್ನುವುದು ಮಾತ್ರ ನಾಲ್ಕೈದು ಜನರಿಗಷ್ಟೇ ಗೊತ್ತು.

ನಟನಾಗಬೇಕೆಂದು ಅವನು ಕನಸಿನಲ್ಲೂ ಅಂದುಕೊಂಡವನಲ್ಲ. ಅವನಪ್ಪ ಹುಲಿಗೆಪ್ಪ ರಾಯಚೂರಿನ ಹತ್ತಿ ಮಿಲ್ಲೊಂದರಲ್ಲಿ ಹತ್ತಿಯ ಅಂಡಿಗೆ, ಮೂಟೆ ಹೊರುತ್ತಿದ್ದ. ಹದಿನಾರು ತುಂಬುತ್ತಲೇ ಮಗನನ್ನೂ ಅದೇ ಮಿಲ್ಲಿಗೆ ಕರೆತಂದ. ಮೈತುಂಬ ಹತ್ತಿಯ ದೂಳು ಹತ್ತಿಸಿಕೊಂಡು ಒಂದು ಸಂಜೆ ತಾಯಪ್ಪ ಮಿಲ್ಲಿನ ಕಾವಲುಗಾರನ ರೇಡಿಯೊ ರಿಪೇರಿ ಮಾಡಿಸಿಕೊಂಡು ಬರಲು ತೀನ್ ಕಂದೀಲ್ ಬಜಾರಿನ ಕಡೆಗೆ ಹೋದ. ಗಲ್ಲಿಯೊಂದರ ಸಣ್ಣ ಅಂಗಡಿಯ ಒಳಗೆ ಯಾರೋ ಹೆಂಗಸು ತುಟಿ ಬಿಚ್ಚದೆ ಹಾಡುತ್ತಿದ್ದಾಳೆ ಅನ್ನಿಸಿತು. ಬಗ್ಗಿ ನೋಡಿದರೆ ಹೆಂಗಸಿಲ್ಲ. ಬಿಳಿಗಡ್ಡದ ಮುದುಕನೊಬ್ಬ, ಮೊರದಲ್ಲಿ ಅಕ್ಕಿ ಆರಿಸುವವರ ಹಾಗೆ, ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಕೂತಿದ್ದ. ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಗಳ ಮೇಲೆ ಜಾರಿಸುತ್ತಿದ್ದ. ಜಾರಿದಂತೆಲ್ಲ ಸ್ವರ ಎಳೆದುಕೊಂಡು ಹೋಗುತ್ತಿತ್ತು.

"ಇದು ಯಾವ ಊರಿಂದ್ರಿ ಚಾಚಾ?" ಎಂದು ತಾಯಪ್ಪ ಕೇಳಿದ.

"ಹವಾಯನ್ ಗಿಟಾರ್ ಅಂತಾರ ಬೇಟಾ. ಹವಾಯಿ ಅಂತ ಒಂದು ಮುಲ್ಕ್ ಅದ. ಸುತ್ತ ಬರೇ ಸಮುದ್ರ."

"ನೀವು ನೋಡೀರೇನ್ರಿ?"

ಮುದುಕ ನಕ್ಕ. "ನಾ ಕೃಷ್ಣಾ ಹೊಳಿ ದಾಟಿ ಹೈದರಾಬಾದಿಗಿ ಹೋಗೀನಿ. ಅಷ್ಟ ನನ್ನ ಸಮುದ್ರ."

ಅವನೇ ಗುಲಾಮ್ ರಸೂಲ್. ಹಗಲೆಲ್ಲ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ, ಸಂಜೆಯಾದರೆ ಗಿಟಾರು. ತಾಯಪ್ಪ ಮರುದಿನವೂ ಹೋದ, ಅದರ ಮರುದಿನವೂ ಹೋದ. ಹಾಗೆ ಏಳು ವರ್ಷ ಹೋದ. ಮೊದಲ ವರ್ಷ ಪೂರ್ತಿ ಒಂದೇ ತಂತಿ. ಕೈ ಓಡಿದರೆ ಗುರು "ಜಲ್ದಿ ನಕ್ಕೋ ಬೇಟಾ, ನಕ್ಕೋ", ಅವಸರ ಬೇಡ, ಎಂದು ಅವನ ಮಣಿಕಟ್ಟು ಒತ್ತಿ ಹಿಡಿಯುತ್ತಿದ್ದ. ಮಗಳು ಆತಿಯಾ ಹಿಂದೆ ಕೂತು ರೇಡಿಯೊ ತಂತಿಗೆ ಬೆಸುಗೆ ಹಾಕುತ್ತಲೇ, ತಲೆ ಎತ್ತದೆ, "ಆ ಸ್ವರ ತಟಗು ಕೆಳಗ ಬಿತ್ತು ನೋಡು ಭಾಯ್" ಅನ್ನುತ್ತಿದ್ದಳು. ಆಕೆಯ ಕಿವಿ ಅಪ್ಪನ ಕಿವಿಗಿಂತ ಚುರುಕು.

ಗುಲಾಮ್ ರಸೂಲನ ಕೈ ನಡುಗತೊಡಗಿದಾಗ ಆತ ಗಿಟಾರನ್ನು ಬಟ್ಟೆಯಲ್ಲಿ ಸುತ್ತಿ ಶಿಷ್ಯನ ಮಡಿಲಲ್ಲಿಟ್ಟ. "ನನ್ನ ಕೈಯಾಗ ಇದು ಅಳಾಕತ್ತದ. ನಿನ್ನ ಕೈಯಾಗಾದ್ರೂ ಹಾಡ್ಲಿ."

ಮಾನ್ವಿಯ ಶಂಭುಲಿಂಗಪ್ಪ ಮಾಸ್ತರ ಅವನನ್ನು ತನ್ನ ನಾಟಕ ಮಂಡಳಿಗೆ ಸೇರಿಸಿಕೊಂಡದ್ದು ಆಮೇಲೆ. ಮಾಸ್ತರನಿಗೆ ಮಾನ್ವಿಯಲ್ಲಿ ಬಟ್ಟೆ ಅಂಗಡಿ ಇತ್ತು. ಎತ್ತರದ ಆಳು, ತುಂಬಿದ ಕಂಠ. ರಾಜನ ಪಾತ್ರ ಯಾವುದೇ ಇರಲಿ, ಅದು ಅವನದೇ. ಹಳೆಯ ನಾಟಕಗಳ ದುಃಖದ ಪ್ರಸಂಗಗಳಿಗೆ ಈ ಗಿಟಾರು ಎಷ್ಟು ಹೊಂದುತ್ತದೆ ಎನ್ನುವುದು ಅವನಿಗೆ ಮೊದಲ ದಿನವೇ ತಿಳಿಯಿತು. ತಾಯಪ್ಪನ ಬಲಗೆನ್ನೆಯ ಮೇಲೆ ಚಿಕ್ಕಂದಿನಲ್ಲಿ ಕಾದ ಎಣ್ಣೆ ಸಿಡಿದು ಆದ ದೊಡ್ಡ ಕಲೆಯೊಂದಿತ್ತು. ಮಾಸ್ತರ ಅದನ್ನು ನೋಡಿ, "ನಿನ್ನ ಕೈ ಬೇಕು, ಮುಖ ಬ್ಯಾಡ. ಪಕ್ಕದ ಪರದಿ ಹಿಂದ ಕೂಡು, ತಿಳೀತೋ ಇಲ್ಲೋ?" ಎಂದ.

ತಾಯಪ್ಪ ಹತ್ತು ವರ್ಷ ಪರದೆಯ ಹಿಂದೆ ಕೂತ. ಮಗ ಸತ್ತ ರಾಜ ರಂಗದ ಮೇಲೆ ಗೋಳಾಡುವಾಗ ಜನ ಕಣ್ಣೊರೆಸಿಕೊಳ್ಳುತ್ತಿದ್ದುದು ಅರ್ಧ ಮಾಸ್ತರನ ಕಂಠಕ್ಕೆ, ಅರ್ಧ ತಾಯಪ್ಪನ ತಂತಿಗೆ. ಚಪ್ಪಾಳೆ ಬಿದ್ದಾಗ ಮಾತ್ರ ಮಾಸ್ತರ ಗದ್ದ ಎತ್ತಿ, ಕಣ್ಣು ಮುಚ್ಚಿ, ಅಷ್ಟನ್ನೂ ತಾನೊಬ್ಬನೇ ತೆಗೆದುಕೊಳ್ಳುತ್ತಿದ್ದ. ಕರಪತ್ರದಲ್ಲಿ ತಾಯಪ್ಪನ ಹೆಸರು ಒಮ್ಮೆಯೂ ಬರಲಿಲ್ಲ. ಅದಕ್ಕೂ ಅವನು ಬೇಸರ ಮಾಡಿಕೊಂಡಿರಲಿಲ್ಲ. ಮಾಸ್ತರನ ಹೆಂಡತಿ ಅನ್ನಪೂರ್ಣಮ್ಮ, ಮಂಡಳಿ ಊರೂರಿಗೆ ಹೊರಟಾಗ, ಎಲ್ಲರಿಗೂ ಕಟ್ಟುತ್ತಿದ್ದ ಬುತ್ತಿಯಲ್ಲಿ ಅವನಿಗೆ ಎರಡು ರೊಟ್ಟಿ ಹೆಚ್ಚಿಗೆ ಇಡುತ್ತಿದ್ದಳು. ನುಡಿಸಲು ಗಿಟಾರಿತ್ತು. ಅಷ್ಟು ಸಾಕಾಗಿತ್ತು.

2019ರ ಜನವರಿಯಲ್ಲಿ ಮಾನ್ವಿಯಲ್ಲೇ ನಾಟಕವಿದ್ದ ದಿನ, ಬೆಳಿಗ್ಗೆ ಆತಿಯಾಳ ಫೋನ್ ಬಂತು. "ಭಾಯ್, ಅಬ್ಬಾ ಹೋದ್ರು." ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಣ್ಣು. ತಾಯಪ್ಪ ಓಡಿಹೋಗಿ ಮಾಸ್ತರನ ಮುಂದೆ ನಿಂತ.

"ಇವತ್ತು ಊರೆಲ್ಲಾ ಟಿಕೀಟು ತಗಂಡದ," ಎಂದ ಮಾಸ್ತರ. "ಸತ್ತಾಂವ ಸತ್ತ. ನೀ ಹೋದ್ರ ಎದ್ದು ಬರ್ತಾನೇನು? ಸುಮ್ಮ ಕೂಡು, ತಿಳೀತೋ ಇಲ್ಲೋ?"

"ಅಂವ ನನ್ನ ಗುರು ಅದಾನ್ರೀ."

"ಇಲ್ಲಿ ನಾ ಗುರು."

ತಾಯಪ್ಪ ಮರುಮಾತಾಡದೆ ಸಿಕ್ಕ ಬಸ್ಸು ಹತ್ತಿದ. ಅವಸರದಲ್ಲಿ ಗಿಟಾರು ನಾಟಕದ ಸಾಮಾನಿನ ಪೆಟ್ಟಿಗೆಯ ಮೇಲೆಯೇ ಉಳಿಯಿತು. ರಾಯಚೂರಿನಲ್ಲಿ ಗುರುವಿನ ಹೆಣಕ್ಕೆ ಹೆಗಲು ಕೊಟ್ಟ, ಹಿಡಿ ಮಣ್ಣು ಹಾಕಿದ, ರಾತ್ರಿ ಅಲ್ಲೇ ಉಳಿದ.

ಮರುದಿನ ಮಾನ್ವಿಯಲ್ಲಿ ಇಳಿದು ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ ನಿಂತಿದ್ದ. ಪಕ್ಕದಲ್ಲಿದ್ದ ಒಬ್ಬಾತ, ಗುರುತಿಲ್ಲದವನು, ತನ್ನಷ್ಟಕ್ಕೆ ತಾನೇ ನಗುತ್ತಿದ್ದ.

"ಏನಾತ್ರೀ?" ಎಂದ ತಾಯಪ್ಪ.

"ಅಯ್ಯ, ನಿನ್ನೆ ನಾಟಕ ನೋಡಬೇಕಿತ್ತು ನೀವು! ಗಿಟಾರ್ ಬಾರಿಸಾವ ಯಾವನೋ ಓಡಿ ಹೋಗ್ಯಾನಂತ. ಮಾಸ್ತರ ಆ ಗಿಟಾರ ತಂದು ಹಾಸ್ಯಗಾರಗ ಕೊಟ್ಟ. ಅಂವ ಅದರ ಮ್ಯಾಲೆ ಕುದುರಿ ಹತ್ತಿದಂಗ ಹತ್ತಿ ಕುಣಿದ. ಆಮ್ಯಾಲ ಮಾಸ್ತರ ಅದನ್ನ ಕಸಗಂಡು ಕತ್ತೆಗಿ ಹೊಡದಂಗ ಅವನ ಕುಂಡಿಗಿ ಹೊಡಿಯಾಕ ಹೋಗಿ, ನೆಲಕ್ಕ ಫಟ್ಟಂತ! ಮುರದೇ ಹೋತು. ಜನ ನಕ್ಕಿದ್ದೇ ನಕ್ಕಿದ್ದು."

ಹೇಳಿ ಮುಗಿಸುವ ಹೊತ್ತಿಗೆ ಆತನ ಕಣ್ಣಲ್ಲಿ ನೀರು ಬಂದಿತ್ತು, ನಗುವಿನಿಂದ. ಎದುರಿಗಿದ್ದವನು ಯಾರೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಪರದೆಯ ಹಿಂದಿನ ಮುಖವನ್ನು ಮಾನ್ವಿಯಲ್ಲಿ ಯಾರು ನೋಡಿದ್ದರು?

ಮಾಸ್ತರನಲ್ಲಿಗೆ ಹೋಗಿ ನೋಡಿದರೆ ಗಿಟಾರಿನ ಕುತ್ತಿಗೆ ಮುರಿದು ತಂತಿಗಳಿಗೆ ಜೋತುಬಿದ್ದಿತ್ತು. ಹೊಟ್ಟೆಯ ಹಲಗೆ ಎರಡು ಸೀಳಾಗಿತ್ತು. ಮಾಸ್ತರ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ. ಎಂದಿನಂತೆ ಮೂರು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡು ಹೇಳಿದ: "ಹತ್ತು ವರ್ಷದಾಗ ನಿನ್ನ ಗಿಟಾರ್ ನಿನ್ನಿಯಷ್ಟು ಚಪ್ಪಾಳಿ ಒಮ್ಮೆರ ತಗಂಡಿತ್ತೇನು? ಜನ ನಕ್ರು. ಜನ ನಗಬೇಕು, ತಿಳೀತೋ ಇಲ್ಲೋ?"

ತಾಯಪ್ಪ ಟವೆಲ್ಲು ಹಾಸಿ ಚೂರುಗಳನ್ನು ಆರಿಸಿದ. ಬೈಯಲಿಲ್ಲ, ಕೈ ಎತ್ತಲಿಲ್ಲ. ಗಂಟು ಕಟ್ಟಿಕೊಂಡು ಹೊರಟುಬಿಟ್ಟ. ರಾಯಚೂರಿನ ಅಂಗಡಿಯಲ್ಲಿ ಗಂಟು ಬಿಚ್ಚಿದಾಗ ಆತಿಯಾ ಕೈಯಲ್ಲಿದ್ದ ಕೆಲಸ ಕೆಳಗಿಟ್ಟಳು.

"ಯಾರು ಮಾಡಿದ್ದು?"

"ಶಂಭುಲಿಂಗಪ್ಪ."

"ಯಾಕ?"

"ಜನ ನಗ್ಲಿ ಅಂತ."

ಆ ಹೊತ್ತಿಗೆ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಶುರುವಾಗಿತ್ತು. ಆತಿಯಾ ಮೊಬೈಲುಗಳನ್ನು ಪಕ್ಕಕ್ಕೆ ಸರಿಸಿ ನಾಲ್ಕು ತಿಂಗಳು ಬಿಡುವಾದಾಗೆಲ್ಲ ಅಂಟು ಹಚ್ಚಿ, ಸಣ್ಣ ಬೋಲ್ಟು ಬಿಗಿದು ಗಿಟಾರನ್ನು ಮತ್ತೆ ನಿಲ್ಲಿಸಿದಳು. ನುಡಿಯಿತು, ಆದರೆ ಮಂದ್ರದ ತಂತಿ ಮಿಡಿದಾಗ ಒಳಗೆ ಏನೋ ಗರಗರ ಅನ್ನುತ್ತಿತ್ತು. "ನುಡಸು ಭಾಯ್, ನುಡಸ್ತಾ ಇದ್ರ ಸರಿ ಹೋಗ್ತದ," ಎಂದಳು. ತಾಯಪ್ಪ ಮುಟ್ಟಲಿಲ್ಲ. ಅವನ ತಲೆಯಲ್ಲಿ ಚಹಾ ಅಂಗಡಿಯ ಆ ಅಪರಿಚಿತನ ನಗುವೊಂದೇ ಇತ್ತು.

ಮಾಸ್ತರನ ಕಾಲು ಮುರಿಯಬೇಕೆಂದು ಅವನಿಗೆ ಅನ್ನಿಸಿರಲಿಲ್ಲ ಎಂದಲ್ಲ. ಒಂದು ಬೇಸಿಗೆ ಪೂರ್ತಿ ಅದೇ ಯೋಚನೆಯಲ್ಲಿ ಕಳೆದ. ಆದರೆ ಕಾಲು ಮುರಿದರೆ ಊರಿನವರು ಬಾಳೆಹಣ್ಣು ಹಿಡಿದುಕೊಂಡು ಮಾತಾಡಿಸಲು ಬರುತ್ತಾರೆ, ಮಾಸ್ತರ ಮಂಚದ ಮೇಲೂ ರಾಜನ ಪಾತ್ರ ಮಾಡುತ್ತಾನೆ. ಅಯ್ಯೋ ಪಾಪ ಎನ್ನುವ ಒಂದು ಮಾತೂ ಅವನಿಗೆ ಸಿಗಬಾರದು. ಗುರುವಿನ ಗಿಟಾರಿಗೆ ಏನು ಸಿಕ್ಕಿತೋ ಅದೇ ಸಿಗಬೇಕು.

ಅಷ್ಟರಲ್ಲಿ ಕೊರೊನಾ ಬಂತು. ನಾಟಕಗಳೆಲ್ಲ ಬಂದ್. ತಾಯಪ್ಪ ದೇವದುರ್ಗದ ಮನೆಯಲ್ಲಿ ಗೋಡೆಗೆ ಸಣ್ಣ ಕನ್ನಡಿ ತೂಗುಹಾಕಿಕೊಂಡು ಕೂತ. ಹತ್ತು ವರ್ಷ ಪಕ್ಕದ ಪರದೆಯ ಸೀಳಿನಿಂದ ಮಾಸ್ತರನನ್ನು ಅವನಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರೂ ಇರಲಿಲ್ಲ. ಒಂದು ತಂತಿಯನ್ನು ಒಂದು ವರ್ಷ ಕಲಿತವನಿಗೆ ತಾಳ್ಮೆಗೇನು ಕೊರತೆ? ಮೂರು ತಿಂಗಳು ಬರೀ ಮಾಸ್ತರನ ಕೆಮ್ಮು ಕಲಿತ. ಮೊದಲನೆಯದು ಗಿಡ್ಡ, ಎರಡನೆಯದು ಒದ್ದೆ, ಮೂರನೆಯದು ಪ್ರಶ್ನೆ ಕೇಳಿದಂತೆ ಮೇಲೇರಿ ನಿಲ್ಲುವಂಥದು. ಆಮೇಲೆ ಮಾಸ್ತರ ಹೆಗಲಿಗೆ ಶಲ್ಯ ಹಾಕಿಕೊಳ್ಳುವ ರೀತಿ. ಎಡದಿಂದ ಬಲಕ್ಕೆ ಬೀಸಿ, ಬಿದ್ದಿತೋ ಇಲ್ಲವೋ ಎಂದು ಗದ್ದದಿಂದ ಮುಟ್ಟಿ ನೋಡುವುದು. ಆಮೇಲೆ ಆ 'ತಿಳೀತೋ ಇಲ್ಲೋ'. ಕೊನೆಗೆ ಕಣ್ಣು ಮುಚ್ಚಿ ಚಪ್ಪಾಳೆಗೆ ಕಾಯುವ ಆ ಮುಖ. ಅವ್ವ ಅಮರಮ್ಮ ಒಂದು ದಿನ ಬಾಗಿಲಲ್ಲಿ ನಿಂತು ನೋಡಿ ಬೆದರಿದಳು. "ಯಪ್ಪಾ, ಮೈಯಾಗ ಏನರ ಬಂದದೇನೋ ನಿನಗ?"

"ಹೌದು ಯವ್ವಾ," ಎಂದ ತಾಯಪ್ಪ.

2022ರಲ್ಲಿ ನಾಟಕಗಳು ಮತ್ತೆ ಶುರುವಾದಾಗ ದೇವದುರ್ಗದ ಅಂಬರೇಶನ ಸಣ್ಣ ಮಂಡಳಿಗೆ ಹೋಗಿ ಹಾಸ್ಯ ಪಾತ್ರ ಕೇಳಿದ. "ನೀ ಗಿಟಾರ್ ಬಾರಿಸಾವ ಅಲ್ಲೇನು?" ಎಂದು ಅಂಬರೇಶ ಬೆರಗಾದ. ತಾಯಪ್ಪ ಉತ್ತರ ಕೊಡುವ ಬದಲು ಹೆಗಲ ಟವೆಲ್ಲನ್ನು ಬೀಸಿ, ಮೂರು ಸಲ ಕೆಮ್ಮಿದ. ಅಂಬರೇಶ ನಕ್ಕು ನಕ್ಕು ಕುರ್ಚಿಯಿಂದ ಜಾರಿದ.

ನಾಟಕದಲ್ಲಿ ಒಬ್ಬ ಜಂಬದ ಪಂಚಾಯ್ತಿ ಅಧ್ಯಕ್ಷನಿದ್ದ. ತಾಯಪ್ಪ ಅವನಿಗೆ ಗಂಟಲಪ್ಪ ಎಂದು ಹೆಸರಿಟ್ಟ. ಮೊದಲ ಪ್ರದರ್ಶನ ಗಬ್ಬೂರಿನಲ್ಲಿ. ಬಣ್ಣ ಮೆತ್ತಿದ ಮೇಲೆ ಕೆನ್ನೆಯ ಕಲೆ ಕಾಣಲಿಲ್ಲ. ರಂಗದ ಮಧ್ಯಕ್ಕೆ ಬಂದು ಮೊದಲ ಕೆಮ್ಮು ಕೆಮ್ಮಿದಾಗ ಜನ ಸುಮ್ಮನಿದ್ದರು. ಎರಡನೆಯದಕ್ಕೆ ಮುಂದಿನ ಸಾಲಿನಲ್ಲಿ ಯಾರೋ 'ಲೇ, ಮಾನ್ವಿ ಮಾಸ್ತರ!' ಎಂದರು. ಮೂರನೆಯದು ಮುಗಿಯುವ ಮೊದಲೇ ನಗು ಎದ್ದಿತು, ಎದ್ದದ್ದು ಕೂರಲಿಲ್ಲ. ಆ ನಗುವಿನ ನಡುವೆ ನಿಂತ ತಾಯಪ್ಪನಿಗೆ ಮೈಯೆಲ್ಲ ತಣ್ಣಗಾಯಿತು. ಮೂರು ವರ್ಷದ ಬಾಯಾರಿಕೆಗೆ ಮೊದಲ ಗುಟುಕು.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ವಾರದೊಳಗೆ ಆ ಎರಡು ನಿಮಿಷದ ವಿಡಿಯೊ ದೇವದುರ್ಗದಿಂದ ಮಾನ್ವಿಗೆ, ಮಾನ್ವಿಯಿಂದ ರಾಯಚೂರಿನ ಆಟೊದವರ ಫೋನುಗಳಿಗೆ ಹೋಯಿತು. ಭತ್ತದ ಮಿಲ್ಲಿನ ಹಮಾಲರು ಅಂಡಿಗೆ ಇಳಿಸಿ 'ತಿಳೀತೋ ಇಲ್ಲೋ' ಅನ್ನತೊಡಗಿದರು.

ಮಾಸ್ತರ ಮೊದಲಿಗೆ ನಕ್ಕುಬಿಟ್ಟನಂತೆ. ಆಮೇಲೆ ಅವನ ಸ್ವಂತ ನಾಟಕದ ದಿನ ಬಂತು. ತಾಯಪ್ಪ ಸಿರವಾರದವರೆಗೆ ಹೋಗಿ, ಟಿಕೆಟ್ ತೆಗೆದುಕೊಂಡು, ತಲೆಗೆ ಟವೆಲ್ಲು ಸುತ್ತಿ ಹಿಂದಿನ ಸಾಲಿನಲ್ಲಿ ಕೂತ. ಮಗನ ಹೆಣವನ್ನು ತೊಡೆಯ ಮೇಲಿಟ್ಟುಕೊಂಡು ರಾಜ ಅಳಬೇಕಾದ ಪ್ರಸಂಗ. ಮಾಸ್ತರ ಮಾತು ಎತ್ತುವ ಮುನ್ನ ಕೆಮ್ಮಿದ. ಅದು ಅವನ ನಲವತ್ತು ವರ್ಷದ ರೂಢಿ, ತಡೆಯಲು ಆಗಲಿಲ್ಲ.

"ಗಂಟಲಪ್ಪ ಬಂದಾನಲೇ!" ಎಂದು ಯಾರೋ ಕೂಗಿದರು.

ಸಾವಿರ ಜನ ಒಟ್ಟಿಗೆ ನಕ್ಕರು. ಮಾಸ್ತರ ಕೈಯೆತ್ತಿ ಸುಮ್ಮನಿರಿಸಲು ನೋಡಿದ, ಶಲ್ಯ ಜಾರಿತು, ಎಡದಿಂದ ಬಲಕ್ಕೆ ಬೀಸಿಕೊಂಡ. ನಗು ಇಮ್ಮಡಿಯಾಯಿತು. ತೊಡೆಯ ಮೇಲೆ ಸತ್ತು ಮಲಗಿದ್ದ ಮಗನ ಹೊಟ್ಟೆಯೂ ಕುಲುಕತೊಡಗಿತು. ತಾಯಪ್ಪ ಮಾತ್ರ ನಗಲಿಲ್ಲ. ಮಾಸ್ತರನ ಬಣ್ಣದ ಮುಖದಲ್ಲಿ ಏನೇನು ನಡೆಯುತ್ತಿದೆ ಎಂದು ಒಂದೊಂದನ್ನೂ ನೋಡಿದ. ಇನ್ನೂ ಸಾಲದು, ಅಂದುಕೊಂಡು ಎದ್ದು ಬಂದ.

ಮುಂದಿನ ಊರುಗಳಲ್ಲಿ ಮಾಸ್ತರ ಕೆಮ್ಮು ಬಿಟ್ಟು ನೋಡಿದ. ಅವನು ಕೆಮ್ಮದೆ ನಿಂತರೆ ಅವನ ಪರವಾಗಿ ಜನರೇ ಮೂರು ಸಲ ಕೆಮ್ಮಿದರು. ಒಂದು ವರ್ಷದಲ್ಲಿ ಅವನನ್ನು ಕರೆಯುವವರು ಯಾರೂ ಉಳಿಯಲಿಲ್ಲ. ಆತಿಯಾ ಒಂದು ದಿನ ಫೋನ್ ಮಾಡಿದಳು. "ಭಾಯ್, ವಿಡಿಯೊ ನೋಡಿದೆ. ಅಬ್ಬಾಗ ಇದು ಸೇರ್ತಿದ್ದಿಲ್ಲ."

"ಅಬ್ಬಾರ ಗಿಟಾರ್ ಮುರಿದಿದ್ದು ಅಬ್ಬಾಗ ಸೇರ್ತಿತ್ತೇನು?"

ಆಕೆ ಫೋನ್ ಇಟ್ಟಳು.

2024ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮಾಸ್ತರ ದೇವದುರ್ಗಕ್ಕೆ ಬಂದ, ಒಬ್ಬನೇ. ಅಮರಮ್ಮ ಚಾಪೆ ಹಾಸಿ ನೀರು ಕೊಟ್ಟಳು. ಕುಡಿದ ಮೇಲೆ ಅವನ ಗಂಟಲು ಏನೋ ಮಾಡಲು ಹೊರಟಿತು, ಅದನ್ನು ನುಂಗಿಕೊಂಡ.

"ತಾಯಪ್ಪ, ಸಾಕು ಮಾಡಪ. ಅಂಗಡಿಗಿ ಬಂದ ಗಿರಾಕಿ ಸುದ್ದಾ ಸೀರಿ ಮಡಿಕಿ ಬಿಚ್ಚಿಸಿ ನನ್ನ ಮುಖ ನೋಡಿ ನಗತಾರ."

"ಆ ಗಿಟಾರ್ ಯಾರದಿತ್ತು ಗೊತ್ತದೇನ್ರಿ?"

"ಗೊತ್ತದ. ತಪ್ಪಾತು."

"ಇಲ್ಲಿ ನಾಕು ಗ್ವಾಡಿ ನಡುವ ಹೇಳಿದ್ರ ಆಗಲ್ರಿ. ನೀವು ಮುರದಿದ್ದು ಮಾನ್ವಿ ಜನದ ಮುಂದ. ಅದೇ ಮಾನ್ವಿಯಾಗ, ನಮ್ಮ ನಾಟಕದ ದಿನ ಸ್ಟೇಜಿಗಿ ಬರ್ರಿ. ಏನು ಮಾಡಿದ್ರಿ, ಯಾರ ಗಿಟಾರ್ ಮುರದ್ರಿ, ಯಾಕ ಮುರದ್ರಿ, ನಿಮ್ಮ ಬಾಯಾಗ ಹೇಳ್ರಿ. ಅವತ್ತೇ ಪಾತ್ರ ಬಿಡ್ತೀನಿ."

ಮಾಸ್ತರ ನೆಲ ನೋಡುತ್ತಲೇ "ಬರ್ತೀನಿ," ಎಂದ.

ಬಂದನು ಕೂಡ. ಮಾನ್ವಿಯ ಮೈದಾನದಲ್ಲಿ ಸಂಜೆ, ನಾಟಕಕ್ಕೆ ಮುಂಚೆ, ಬಣ್ಣವಿಲ್ಲದ ಮುಖದಲ್ಲಿ, ಬಿಳಿ ಧೋತರ ಉಟ್ಟು ರಂಗದ ಮೇಲೆ ಹತ್ತಿದ. ತಾಯಪ್ಪ ಗಂಟಲಪ್ಪನ ಬಣ್ಣದಲ್ಲೇ ಪಕ್ಕದ ಪರದೆಗೆ ಆತುಕೊಂಡು ನಿಂತ. ಈ ಗಳಿಗೆಗಾಗಿಯೇ ಐದು ವರ್ಷ ಕಾದಿದ್ದ.

ಮಾಸ್ತರ ಮೈಕಿನ ಮುಂದೆ ನಿಂತು ಕೆಮ್ಮಿದ. ಒಂದು. ಎರಡು. ಮೂರು.

ಮೈದಾನ ಸಿಡಿಯಿತು. ಸೀಟಿ, ಚಪ್ಪಾಳೆ.

"ಮಾನ್ವಿ ಮಹಾಜನರೇ, ನಾನು ಒಂದು ತಪ್ಪು ಮಾಡೀನಿ," ಎಂದ ಮಾಸ್ತರ. ಜನ ಮತ್ತೂ ನಕ್ಕರು. "ಖರೇ ಹೇಳಾಕತ್ತೀನ್ರಪ್ಪ... ಒಬ್ಬ ದೊಡ್ಡ ಕಲಾವಿದನ ಗಿಟಾರ್..." ನಗುವಿನಲ್ಲಿ ಗುಲಾಮ್ ರಸೂಲನ ಹೆಸರು ಮುಳುಗಿಹೋಯಿತು. ಅವನು ದನಿ ಏರಿಸಿದ. ಕೈ ಮುಗಿದ. ಕಣ್ಣಲ್ಲಿ ನಿಜವಾಗಿ ನೀರು ಬಂತು. ಅದನ್ನು ನೋಡಿ ಜನ ಬೆಂಚಿನ ಮೇಲೆ ಎದ್ದು ನಿಂತರು. "ಒನ್ಸ್ ಮೋರ್! ಒನ್ಸ್ ಮೋರ್!"

ಪರದೆಯ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದ ಒಬ್ಬಾತ ತನ್ನ ಜೊತೆಗಾರನಿಗೆ ಹೇಳುತ್ತಿದ್ದ: "ಇಂವ ಪರವಾಗಿಲ್ಲ. ಆದ್ರ ಆ ದೇವದುರ್ಗದಾಂವ ಮಾಡಿದಂಗ ಬರಲ್ಲ ನೋಡು."

ತಾಯಪ್ಪ ರಂಗಕ್ಕೆ ನುಗ್ಗಿ ಮೈಕು ಕಿತ್ತುಕೊಂಡ. "ಸುಮ್ಮ ಕೂಡ್ರಿ! ಅಂವ ಪಾತ್ರ ಮಾಡಾಕತ್ತಿಲ್ಲ! ಅಂವ ಹೇಳಾದು ಕೇಳ್ರಿ!" ಇಬ್ಬರು ಗಂಟಲಪ್ಪರು ಒಟ್ಟಿಗೆ ಸಿಕ್ಕರೆಂದು ಮೈದಾನ ಹುಚ್ಚೆದ್ದಿತು. ಮಾಸ್ತರ ಅವನತ್ತ ನೋಡಿದ, ಏನೋ ಹೇಳಿದ. ಒಂದು ಮೊಳದ ದೂರದಲ್ಲಿದ್ದ ತಾಯಪ್ಪನಿಗೂ ಅದು ಕೇಳಿಸಲಿಲ್ಲ. ಮಾಸ್ತರ ಮೆಟ್ಟಿಲಿಳಿದು ಜನರ ನಡುವೆಯೇ ನಡೆದು ಹೋದ. ಹೋಗುತ್ತಿದ್ದವನ ಬೆನ್ನು ತಟ್ಟಿ ಶಭಾಷ್ ಎಂದರು.

ತಾಯಪ್ಪ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ನೋಡಿದ. ಮುಂದಿನ ಪ್ರದರ್ಶನ ದೇವದುರ್ಗದಲ್ಲಿತ್ತು. ಆತಿಯಾಳ ಅಂಗಡಿಯಿಂದ ಗಿಟಾರು ತಂದು, ಬಣ್ಣ ಹಚ್ಚದೆ, ಮೊದಲ ಸಲ ಜನರ ಎದುರಿಗೆ ಕೂತು ನುಡಿಸಿದ. ಎರಡು ನಿಮಿಷ ಕೇಳಿದರು. ಮೂರನೆಯ ನಿಮಿಷಕ್ಕೆ "ಗಂಟಲಪ್ಪ ಎಲ್ಲಿ ಹೋದ?" ಎಂಬ ಕೂಗು ಎದ್ದಿತು. ಆಮೇಲೆ ಕೆಮ್ಮು, ಸಾಲು ಸಾಲಾಗಿ. ಅವನು ಉಕ್ಕಿನ ತುಂಡನ್ನು ತಂತಿಯಿಂದ ಎತ್ತಿದ. ಎದ್ದು ನಿಂತು ಮೂರು ಸಲ ಕೆಮ್ಮಿ, "ತಿಳೀತೋ ಇಲ್ಲೋ?" ಎಂದು ಅರಚಿದ. ಅದು ಬೈಗುಳವಾಗಿತ್ತು. ಜನ ಕುಣಿದಾಡಿದರು.

ಗಿಟಾರನ್ನು ಆತಿಯಾಳಿಗೇ ಬಿಟ್ಟು ಬಂದ. ಈಗ ಅದನ್ನು ಆಕೆ ನುಡಿಸುತ್ತಾಳೆ, ಅಂಗಡಿ ಖಾಲಿ ಇದ್ದಾಗ. ಗರಗರ ಸದ್ದು ಪೂರ್ತಿ ಹೋಗಿಲ್ಲವಂತೆ.

ಹೋದ ಶ್ರಾವಣದಲ್ಲಿ ಮಾನ್ವಿ ಬಸ್ ನಿಲ್ದಾಣದಲ್ಲಿ ಅನ್ನಪೂರ್ಣಮ್ಮ ಅವನನ್ನು ಗುರುತಿಸಿ ಹತ್ತಿರ ಬಂದಳು. ಕೈಯಲ್ಲಿ ತರಕಾರಿ ಚೀಲ.

"ಚಲೋ ಅದೀಯೇನಪ?"

"ಅದೀನ್ರಿ ಯವ್ವಾ. ಮಾಸ್ತರ?"

"ಮಾತಾಡಾದು ಬಿಟ್ಟಾರ. ಮಾತಾಡಬೇಕಂದ್ರ ಮೊದಲು ಗಂಟಲಾಗ ಬರ್ತದಲ್ಲ ಅದು. ಅದಕ್ಕ ಬಾಯೇ ತೆರಿಯಲ್ಲ. ನೀರು ಬೇಕಂದ್ರ ಗ್ಲಾಸ್ ತೋರಸ್ತಾರ. ಉಣ್ಣಾಕ ಕರದ್ರ ತಲಿ ಅಲ್ಲಾಡಸ್ತಾರ." ಆಕೆಯ ದನಿಯಲ್ಲಿ ದೂರಿರಲಿಲ್ಲ. "ಹತ್ತು ವರ್ಷ ನಿನಗ ರೊಟ್ಟಿ ಕಟ್ಟೀನಿ ತಾಯಪ್ಪ. ಇನ್ನ ಬಿಟ್ಟುಬಿಡು ಆ ಪಾತ್ರ."

ತಾಯಪ್ಪನ ಎದೆಯಲ್ಲಿ ಮೊದಲು ಎದ್ದದ್ದು ಸಂತೋಷ. ಆ ಹೆಂಗಸಿನ ಮುಂದೆ ಹಾಗನ್ನಿಸಿತಲ್ಲ ಎಂದು ನಾಚಿಕೆಯಾಯಿತು, ಆದರೂ ಅದು ಸಂತೋಷವೇ. ಐದಾರು ವರ್ಷದ ಹಿಂದೆ ಇದೇ ನಿಲ್ದಾಣದ ಎದುರು ನಿಂತಿದ್ದಾಗ ಅವನು ಬಯಸಿದ್ದಕ್ಕಿಂತ ಹೆಚ್ಚೇ ಆಗಿತ್ತು.

"ನಿಮ್ಮ ರೊಟ್ಟಿ ಮರತಿಲ್ರಿ ಯವ್ವಾ," ಎಂದ. "ಪಾತ್ರ ಬಿಡಾಂಗಿಲ್ರಿ. ನಾ ಬಿಟ್ರೂ ಜನ ಬಿಡಲ್ಲ."

"ಜನ ಬಿಟ್ರ?"

ಸುಳ್ಳು ಹೇಳಬಹುದಿತ್ತು.

"ಜನ ಬಿಟ್ರೂ ನಾ ಬಿಡಲ್ರಿ."

ಅನ್ನಪೂರ್ಣಮ್ಮ ಅವನ ಮುಖವನ್ನೊಮ್ಮೆ ಪೂರ್ತಿ ನೋಡಿ, ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು ಹೊರಟುಹೋದಳು. ಸಿಂಧನೂರಿನ ಬಸ್ಸು ಬಂದು ನಿಂತಿತ್ತು. ಅವತ್ತು ಸಂಜೆ ಅಲ್ಲಿ ಪ್ರದರ್ಶನ. ತಾಯಪ್ಪ ಓಡಿಹೋಗಿ ಹತ್ತಿದ, ಕಿಟಕಿ ಪಕ್ಕ ಜಾಗ ಹಿಡಿದ.